ಕೈ ಹಿಂದೆ ಕಟ್ಟಿ ನಿಂತವಳು

ಗಾಜಿನ ಆಚೆ ಆ ದಿನ ನಾನು ನಿಜವಾಗಿ ಏನನ್ನು ನೋಡಿದೆ ಎಂದು ಯಾರಾದರೂ ಪ್ರಮಾಣ ಮಾಡಿಸಿ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಐದು ವರ್ಷದ ನನ್ನ ಮಗಳ ಕೈಯಲ್ಲಿ ಪೊರಕೆ ಇತ್ತು. ಇದು ಹೌದು. ಅದರ ಹಿಡಿ ಹಳದಿ ಬಣ್ಣದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ; ಹೇಳಿ ಹೇಳಿಯೇ ಅದು ಹಳದಿಯಾಗಿರಲೂಬಹುದು. ಉಳಿದ ಮಕ್ಕಳಲ್ಲಿ ಯಾರೂ ಗುಡಿಸುತ್ತಿರಲಿಲ್ಲ ಎಂಬುದೂ ನೆನಪಿದೆ. ಆದರೆ ಉಳಿದ ಮಕ್ಕಳನ್ನು ನಾನು ಸರಿಯಾಗಿ ನೋಡಿದೆನೇ ಎಂದು ಕೇಳಿದರೆ ಸುಮ್ಮನಾಗಬೇಕಾಗುತ್ತದೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಒಬ್ಬನೇ ಸಾಕ್ಷಿ, ಒಂದೇ ಸಲ ನೋಡಿದ್ದು, ಅದೂ ತಲೆ ಬಿಸಿಯಾಗಿದ್ದಾಗ. ಇಂಥ ಮಾಹಿತಿಯನ್ನು ಯಾರಾದರೂ ನನ್ನ ಮೇಜಿಗೆ ತಂದರೆ ನಾನು ಓದದೆ ವಾಪಸು ಕಳಿಸುತ್ತೇನೆ. ನನ್ನದೇ ಆದದ್ದರಿಂದ ಇಟ್ಟುಕೊಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ಗೆಳೆಯನ ಮನೆಯ ಮದುವೆಗೆಂದು ದೋಹಾಕ್ಕೆ ಹೋದಾಗ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಂದು ಶಾಲೆಯ ತರಗತಿಯೊಳಗೆ ಕಾಲಿಡುವ ಸಂದರ್ಭ ಬಂತು. ಒದ್ದೆ ಸ್ಪಂಜು, ನಿಂಬೆಯ ಸೋಪು, ಸೀಮೆಸುಣ್ಣದ ಪುಡಿ. ಈ ಮೂರೂ ಒಟ್ಟಾದ ವಾಸನೆ ಮೂಗಿಗೆ ಬಡಿಯಿತು. ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಇಷ್ಟು ವರ್ಷದ ಮೇಲೂ ಸಿಟ್ಟು ಅಲ್ಲೇ ಇತ್ತು, ಯಾರೋ ಮರೆತು ಬಿಟ್ಟುಹೋದ ಚಪ್ಪಲಿಯ ಹಾಗೆ.

ಆ ಗಾಜಿನ ದಿನ ಬಂದದ್ದು ಎರಡು ಸಾವಿರದ ಏಳನೆಯ ಇಸವಿಯಲ್ಲಿ ಎಂದು ನನ್ನ ಹೆಂಡತಿ ಲವೀನಾ ಹೇಳುತ್ತಾಳೆ, ನಾನು ಎಂಟು ಎನ್ನುತ್ತೇನೆ. ಇಬ್ಬರೂ ಒಪ್ಪುವುದು ಧೂಳಿನ ವಿಷಯದಲ್ಲಿ. ನಾವಿದ್ದ ದೋಹಾವನ್ನೆಲ್ಲ ಅಗೆದು ಹಾಕಿದ್ದರು. ಬೆಳಿಗ್ಗೆ ಆಫೀಸಿಗೆ ಹೋದ ದಾರಿ ಸಂಜೆ ಬರುವಾಗ ಇರುತ್ತಿರಲಿಲ್ಲ. ಹಳ್ಳದೊಳಗೆ ನಮ್ಮ ಕಡೆಯ, ನೇಪಾಳದ, ಬಾಂಗ್ಲಾದ ಹುಡುಗರು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸಲಿಕೆ ಆಡಿಸುವವರು. ದಂಡೆಯ ಮೇಲೆ ಫೋರ್‌ಮನ್, ಎರಡೂ ಕೈ ಹಿಂದೆ ಕಟ್ಟಿಕೊಂಡು, ಕೆಳಗೆ ನೋಡುತ್ತಾ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಕಿಟಕಿಯಲ್ಲಿ ಇದೇ ಚಿತ್ರ. ನಾನು ಹವಾನಿಯಂತ್ರಿತ ಬಸ್ಸಿನೊಳಗೆ ಟೈ ಕಟ್ಟಿಕೊಂಡು ಕೂತಿರುತ್ತಿದ್ದೆ. ಹಳ್ಳದೊಳಗಿನವರಿಗೂ ನನಗೂ ನಡುವೆ ಇದ್ದದ್ದು ಒಂದು ಡಿಗ್ರಿ ಮತ್ತು ಒಂದು ಗಾಜು.

ಮುಐದರ್ ಎಂಬ ಬಡಾವಣೆಯಲ್ಲಿ ನಮ್ಮ ಮನೆ. ವಿಲ್ಲಾದಲ್ಲಿದ್ದೇವೆ ಎಂದರೆ ಊರಿನವರು ಕಣ್ಣು ಅರಳಿಸುತ್ತಿದ್ದರು. ಆ ವಿಲ್ಲಾವನ್ನು ಜಿಪ್ಸಂ ಹಲಗೆಗಳಿಂದ ತುಂಡು ತುಂಡು ಮಾಡಿ ಹಲವು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದರು. ನಮ್ಮ ಪಾಲಿಗೆ ಬಂದದ್ದು ಒಂದು ಕಾಲದಲ್ಲಿ ಮನೆಯ ಗಂಡಸರು ಅತಿಥಿಗಳನ್ನು ಕೂರಿಸುತ್ತಿದ್ದ ಹೊರಕೋಣೆ, ಮಜ್ಲಿಸ್. ಗೋಡೆ ಎಷ್ಟು ತೆಳು ಎಂದರೆ ಪಕ್ಕದ ಮಲಯಾಳಿ ಮನೆಯ ಕುಕ್ಕರ್ ಕೂಗಿದಾಗ ಲವೀನಾ ನಮ್ಮ ಗ್ಯಾಸ್ ಆರಿಸಲು ಏಳುತ್ತಿದ್ದಳು. ಅವಳು ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಟೆಕ್ನಿಶಿಯನ್. ನಾನು ಸರಕಾರದ ಒಂದು ಕಚೇರಿಯಲ್ಲಿ ಅಂಕಿಅಂಶ ಜೋಡಿಸುವವನು. ಮಗಳು ಅನಿಶಾ, ನಮಗೆ ಅನಿ. ಅವಳಿಗೆ ಐದು ತುಂಬಿತ್ತು, ಶಾಲೆ ಇರಲಿಲ್ಲ.

ಭಾರತೀಯ ಶಾಲೆಗಳಲ್ಲಿ ಆ ವರ್ಷ ಕಾಲಿಡಲು ಜಾಗವಿರಲಿಲ್ಲ. ಚೀಟಿ ಎತ್ತಿ ಸೀಟು ಕೊಡುತ್ತಿದ್ದರು. ಎರಡು ಕಡೆ ಎತ್ತಿದರು, ಎರಡು ಕಡೆಯೂ ಅನಿಯ ಹೆಸರು ಬರಲಿಲ್ಲ. ಚೀಟಿಯನ್ನು ನಾನು ದೂರಲಿಲ್ಲ. ಅದು ಯಾರ ಮುಖವನ್ನೂ ನೋಡುವುದಿಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದು ಶುಕ್ರವಾರ ಚರ್ಚಿನ ಪೂಜೆ ಮುಗಿದ ಮೇಲೆ ಸುತ್ತ ನಿಂತು ಸಲಹೆ ಕೊಡುವ ನಮ್ಮದೇ ಜನರ ಮೇಲೆ.

"ಹೆಂಡತಿ ಮಗಳನ್ನು ಊರಿಗೆ ಕಳಿಸಿಬಿಡು. ಎಲ್ಲರೂ ಮಾಡುವುದು ಅದೇ ಅಲ್ವಾ?"

"ಅವಳ ಕೆಲಸ?"

"ಹೆಂಗಸರ ಕೆಲಸ ಎಂತ, ಇವತ್ತು ಉಂಟು ನಾಳೆ ಇಲ್ಲ. ನೀನು ಇಲ್ಲಿ ಬೆಡ್‌ಸ್ಪೇಸ್ ಹಿಡಿ, ಖರ್ಚೂ ಕಡಿಮೆ."

ಮನುಷ್ಯನಿಗೆ ಮನೆಯ ಬದಲು ಒಂದು ಮಂಚದಷ್ಟು ಜಾಗ ಸಾಕು ಎಂಬುದನ್ನು ಇವರು ಬಿರಿಯಾನಿ ತಿನ್ನುತ್ತಾ ಹೇಳುತ್ತಿದ್ದರು. ಸೀಟು ಸಿಗದಿದ್ದರೆ ಆಗುವುದು ಅದೇ ಎಂದು ನನಗೂ ಲವೀನಾಳಿಗೂ ಗೊತ್ತಿತ್ತು. ಆ ಬೇಸಿಗೆಯಲ್ಲಿ ನಾವು ಬೇರೆ ಏನನ್ನೂ ಮಾತಾಡಲಿಲ್ಲ.

ಹೊಸ ಶಾಲೆಯ ಸುದ್ದಿ ತಂದವನು ಹಮೀದಾಕ. ಪುತ್ತೂರಿನ ಬ್ಯಾರಿ, ನಮ್ಮ ಬೀದಿಯ ತುದಿಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವನು, ನಾನು ಹುಟ್ಟಿದ ಊರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಲ ಆ ದೇಶದಲ್ಲಿ ಇದ್ದವನು. ಅರಬಿಯನ್ನು ಅರಬರ ಹಾಗೆ ಆಡುತ್ತಿದ್ದ. ನನ್ನ ಮಾಸ್ಟರ್ ಡಿಗ್ರಿಗೆ ಅವನು ಕೊಟ್ಟ ಮರ್ಯಾದೆ ಎಂದರೆ ನನ್ನನ್ನು ಮಾಷ್ಟ್ರೇ ಎಂದು ಕರೆಯುವುದು.

"ಮಾಷ್ಟ್ರೇ, ಅಜೀಜಿಯಾದಲ್ಲಿ ಒಂದು ಶಾಲೆ ಆಗಿದೆ. ದುಡ್ಡು ಸರಕಾರದ್ದು, ನಡೆಸುವುದು ಬೇರೆಯವರು. ಎಂತದೋ ಮಾಂಟೆಸರಿ ಅಂತೆ."

"ಅವರ ಮಕ್ಕಳಿಗೆ ಮಾಡಿದ್ದು ಅದು, ಹಮೀದಾಕ."

"ನಿಮ್ಮದು ಸರಕಾರಿ ಆಫೀಸಲ್ವಾ? ಅಲ್ಲಿ ದುಡಿಯುವವರ ಮಕ್ಕಳಿಗೂ ಕೊಡ್ತಾರಂತೆ, ಸೀಟು ಉಳಿದರೆ. ಫೀಸು ಮಾಫಿ. ಯಲ್ಲಾ, ನಾಳೆ ಹೋಗುವ."

ಮಾಂಟೆಸರಿ ಎಂಬ ಹೆಸರು ನನಗೆ ಹೊಸದಲ್ಲ. ನಮ್ಮೂರಲ್ಲಿ ಬಾಲವಾಡಿಯ ಗೋಡೆಗೆ ಸ್ವಲ್ಪ ದುಬಾರಿ ಬಣ್ಣ ಹೊಡೆದು, ಮಕ್ಕಳಿಗೆ ಟೈ ಕಟ್ಟಿದರೆ ಅದೇ ಮಾಂಟೆಸರಿ. ಹಾಗಾಗಿ ನಾನು ನಮ್ಮೂರಿನ ಲೆಕ್ಕದಲ್ಲೇ ತಯಾರಿ ಮಾಡಿದೆ. ಒಂದು ವಾರ ಅನಿಗೆ ಅಕ್ಷರ, ಐದರವರೆಗೆ ಮಗ್ಗಿ, ಒಂದು ಇಂಗ್ಲಿಷ್ ಪದ್ಯ, ಅಪ್ಪನ ಹೆಸರು, ಅಪ್ಪನ ಕೆಲಸ, ಭಾರತದ ರಾಜಧಾನಿ. ಲವೀನಾ ಇಸ್ತ್ರಿ ಮಾಡಿದ ಬಿಳಿ ಫ್ರಾಕು ತೊಡಿಸಿದಳು.

ಅಲ್ಲಿ ಯಾರೂ ಏನೂ ಕೇಳಲಿಲ್ಲ. ಜೋರ್ಡಾನಿನ ಹನಾನ್ ಎಂಬ ಟೀಚರು, ನಿಧಾನವಾದ ಇಂಗ್ಲಿಷಿನವರು, ಅನಿಯನ್ನು ಕೈಹಿಡಿದು ಒಂದು ಕೋಣೆಗೆ ಬಿಟ್ಟು ತಾವು ಮೂಲೆಯಲ್ಲಿ ಸಣ್ಣ ಕುರ್ಚಿಯ ಮೇಲೆ ಕೂತರು. ಅನಿ ಅಷ್ಟು ಹೊತ್ತೂ ಒಂದು ಹೂಜಿಯಿಂದ ಇನ್ನೊಂದಕ್ಕೆ ಅಕ್ಕಿ ಸುರಿದಳು. ಸುರಿದು, ವಾಪಸು ಸುರಿದು, ಕೆಳಗೆ ಬಿದ್ದದ್ದನ್ನು ಹೆಕ್ಕಿದಳು. ನಡುವೆ ಒಂದು ಸಲ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿ, "ಡಾಡಾ, ಮಗ್ಗಿ ಯಾವಾಗ ಹೇಳುವುದು?" ಎಂದು ಕೇಳಿದಳು.

ಹೊರಬಂದ ಟೀಚರನ್ನು ನಾನು ಕೇಳಿದೆ, "ಇದರಲ್ಲಿ ನೀವು ಏನನ್ನು ಅಳೆದಿರಿ?"

"ನಾವು ಅಳೆಯುವುದಿಲ್ಲ, ನೋಡುತ್ತೇವೆ" ಎಂದರು.

"ಅಳೆಯದೆ ನೋಡಿದ್ದು ಅಭಿಪ್ರಾಯ ಆಗುತ್ತದೆ ಅಷ್ಟೆ."

ಅವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಹೊರಗೆ ಬಂದ ಮೇಲೆ ಲವೀನಾ, "ಸೀಟು ಬೇಕಾ, ವಾದ ಗೆಲ್ಲಬೇಕಾ?" ಎಂದಳು. ನಮ್ಮ ಮನೆಮಾತು ಕೊಂಕಣಿ. ಅದರಲ್ಲಿ ಈ ಪ್ರಶ್ನೆ ಇನ್ನೂ ಚುರುಕಾಗಿತ್ತು.

ಸೀಟು ಸಿಕ್ಕಿತು. ಪೂರ್ತಿ ಅಲ್ಲ. ಚಳಿಗಾಲದ ರಜೆಯವರೆಗೆ ನೋಡುತ್ತೇವೆ, ಆಮೇಲೆ ಖಾಯಂ ಮಾಡುತ್ತೇವೆ ಎಂದರು. ಆ ಸಂಜೆ ಲವೀನಾ ಪಾಯಸ ಮಾಡಿ ಹಮೀದಾಕನ ಮನೆಗೂ ಕಳಿಸಿದಳು.

ಸೆಪ್ಟೆಂಬರಿನ ಬಿಸಿಲು ಇಳಿಯುವ ಹೊತ್ತಿಗೆ ಅನಿ ಶಾಲೆಗೆ ಒಗ್ಗಿಹೋಗಿದ್ದಳು. ನಾನು ಒಗ್ಗಿರಲಿಲ್ಲ. ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ. ಸಂಜೆ ಬಂದು ನಾನು ಕೇಳುವುದು, ಅವಳು ಹೇಳುವುದು.

"ಇವತ್ತು ಏನು ಕಲಿತೆ?"

"ಗುಡಿಸಿದೆ."

"ಮತ್ತೆ?"

"ನಿಂತೆ. ಮೊದಲು ನಿಂತೆ, ಆಮೇಲೆ ಗುಡಿಸಿದೆ."

"ನಿಂತದ್ದು ಯಾಕೆ? ಯಾರು ನಿಲ್ಲಿಸಿದ್ದು?"

"ಯಾರೂ ಇಲ್ಲ. ನಾನೇ ನಿಂತೆ."

ನಮ್ಮ ಶಾಲೆಗಳಲ್ಲಿ ಓದಿದ ಯಾರಿಗಾದರೂ ಗೊತ್ತು, ಮಗು ತರಗತಿಯಲ್ಲಿ ತಾನಾಗಿ ನಿಲ್ಲುವುದಿಲ್ಲ. ನಾನು ಏಳನೆಯ ತರಗತಿಯ ಅರ್ಧವನ್ನು ಬೆಂಚಿನ ಮೇಲೆ ನಿಂತು ಕಳೆದವನು. ಶಿಕ್ಷೆಯನ್ನು ಮಗು ಮುಚ್ಚಿಡುತ್ತಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ, ತಿಳಿಯಿತು ಎಂದೇ ಅಂದುಕೊಂಡೆ. ನಿಲ್ಲಿಸುತ್ತಾರೆ, ಆಮೇಲೆ ಗುಡಿಸಲು ಹಚ್ಚುತ್ತಾರೆ. ಮರುದಿನವೂ ಅದೇ ಉತ್ತರ. ಒಂದು ದಿನ ಅನಿ ಮನೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ದುಂಡು ಗೆರೆ ಎಳೆದು, ಮೂಲೆಮೂಲೆಯ ಧೂಳನ್ನೆಲ್ಲ ಅದರೊಳಕ್ಕೆ ಗುಡಿಸಿ ತಂದಳು. ಲವೀನಾ ನಗುತ್ತಾ, "ನನಗೊಂದು ಕೆಲಸ ತಪ್ಪಿತು" ಎಂದಳು. ನಾನು ಪೊರಕೆಯನ್ನು ಕಸಿದು ಕಪಾಟಿನ ಮೇಲಿಟ್ಟೆ.

"ಮಗು ಗುಡಿಸಿದರೆ ನಿನಗೆ ಎಂತ ಆಯಿತು?" ಲವೀನಾ ಕೇಳಿದಳು.

"ಗುಡಿಸಲಿಕ್ಕೆ ಶಾಲೆಗೆ ಹೋಗಬೇಕಾ?"

"ಗುಡಿಸುವುದು ನಾಚಿಕೆಯ ಕೆಲಸವಾ? ನಾನು ದಿನಾ ಮಾಡುತ್ತೇನಲ್ಲ, ಆಗ ನೀನು ಕಪಾಟಿನ ಮೇಲೆ ಇಡಲಿಲ್ಲ."

ಅವಳಿಗೆ ನಾನು ಹೇಳದೆ ಇದ್ದ ಒಂದು ಸಂಗತಿ ಇತ್ತು. ಅದೇ ತಿಂಗಳು ಆಫೀಸಿನ ಮೊಗಸಾಲೆಯಲ್ಲಿ ನಾನು ನಿಂತಿದ್ದಾಗ, ಹೊರಗಿನಿಂದ ಬಂದ ಒಬ್ಬ ದೊಡ್ಡ ಮನುಷ್ಯ ನನ್ನ ಮುಖ ನೋಡಿ ಎರಡು ಬೆರಳು ಎತ್ತಿ, "ಸದೀಕ್, ಎರಡು ಚಹಾ" ಎಂದಿದ್ದ. ಸದೀಕ್ ಎಂದರೆ ಗೆಳೆಯ. ಅಲ್ಲಿ ಹೆಸರು ಕೇಳುವ ಅಗತ್ಯವಿಲ್ಲದವರನ್ನೆಲ್ಲ ಹಾಗೆ ಕರೆಯುತ್ತಿದ್ದರು. ಅವನ ದನಿಯಲ್ಲಿ ಒರಟುತನ ಇರಲಿಲ್ಲ. ನಾನು ಹೋಗಿ ಚಹಾ ಮಾಡುವ ಕೇರಳದ ಹುಡುಗನಿಗೆ ಹೇಳಿ ಬಂದೆ. ಒಂದು ಗಂಟೆಯ ನಂತರ ಅದೇ ಮನುಷ್ಯನ ಎದುರು ನನ್ನ ನಕ್ಷೆಗಳನ್ನು ತೋರಿಸಿ ವಿವರಿಸಬೇಕಾಯಿತು. ಅವನಿಗೆ ನನ್ನ ಗುರುತೇ ಹತ್ತಲಿಲ್ಲ.

ಇದನ್ನು ಇಟ್ಟುಕೊಂಡು ನಾನು ನವೆಂಬರಿನಲ್ಲಿ ಶಾಲೆಗೆ ಹೋದೆ. ತಂದೆತಾಯಿಗಳು ಒಂದು ದಿನ ಬಂದು ಮಕ್ಕಳನ್ನು ನೋಡಬಹುದು ಎಂದು ಕರೆದಿದ್ದರು. ಲವೀನಾಳಿಗೆ ರಜೆ ಸಿಗಲಿಲ್ಲ. ನೋಡುವುದು ಎಂದರೆ ತರಗತಿಯ ಪಕ್ಕದ ಒಂದು ಓಣಿಯಲ್ಲಿ ಕುರ್ಚಿಯ ಮೇಲೆ ಕೂತು ಗಾಜಿನ ಮೂಲಕ ನೋಡುವುದು. ಆಚೆಯಿಂದ ಮಕ್ಕಳಿಗೆ ನಾವು ಕಾಣುವುದಿಲ್ಲ. ಮಾತಾಡಬಾರದು, ಒಳಗೆ ಹೋಗಬಾರದು. ನನ್ನ ಪಕ್ಕದ ಕುರ್ಚಿಯಲ್ಲಿ ಕಪ್ಪು ಅಬಾಯಾ ತೊಟ್ಟ ಸ್ಥಳೀಯ ತಾಯಿಯೊಬ್ಬರು ಇದ್ದರು. ಒಳ್ಳೆಯ ಅತ್ತರಿನ ಪರಿಮಳ.

ಒಳಗೆ ಇಪ್ಪತ್ತರಷ್ಟು ಮಕ್ಕಳು. ಕೆಲವರು ಚಾಪೆಯ ಮೇಲೆ ಮಣಿ ಜೋಡಿಸುತ್ತಿದ್ದರು, ಕೆಲವರು ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಇದು ನನಗೆ ನೆನಪಿರುವುದು. ನಡುವೆ ನೆಲದ ಮೇಲೆ ಸೀಮೆಸುಣ್ಣದ ದುಂಡು ಗೆರೆ, ಅದರ ಸುತ್ತ ನನ್ನ ಮಗಳು, ಅವಳ ಕೈಯಲ್ಲಿ ಪೊರಕೆ. ಆ ತರಗತಿಯಲ್ಲಿ ಭಾರತದ ಮಗು ಅವಳೊಬ್ಬಳೇ. ಇಪ್ಪತ್ತರಲ್ಲಿ ಒಬ್ಬಳು, ಗುಡಿಸುವವಳು ಅವಳೇ ಆಗುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು. ನಮ್ಮ ಶಾಸ್ತ್ರದಲ್ಲಿ ಅನುಮಾನಪಡಲು ಅಷ್ಟು ಸಾಕು.

ಅನುಮಾನಪಡಲು ಶಾಸ್ತ್ರ ಬೇಕಾಗಿರಲಿಲ್ಲ. ಗೆರೆಯ ಹೊರಗೆ, ಅನಿಯಿಂದ ಎರಡು ಹೆಜ್ಜೆ ದೂರದಲ್ಲಿ, ಕಿವಿಗೆ ಚಿನ್ನದ ಓಲೆ ಹಾಕಿದ ಒಬ್ಬ ಹುಡುಗಿ ನಿಂತಿದ್ದಳು. ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದಳು. ಏನೂ ಮಾಡುತ್ತಿರಲಿಲ್ಲ. ನನ್ನ ಮಗಳು ಗುಡಿಸುವುದನ್ನು ನೋಡುತ್ತಿದ್ದಳು, ಅಷ್ಟೆ. ಅನಿ ಬಗ್ಗಿದರೆ ಅವಳ ಕಣ್ಣು ಬಗ್ಗುತ್ತಿತ್ತು, ಅನಿ ಆಚೆ ಹೋದರೆ ಅವಳ ತಲೆ ಆಚೆ ತಿರುಗುತ್ತಿತ್ತು. ನಾನು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಮನುಷ್ಯನೇ ಆರು ವರ್ಷದ ಹುಡುಗಿಯಾಗಿ ನಿಂತ ಹಾಗಿತ್ತು.

ಪಕ್ಕದ ತಾಯಿ ನನ್ನ ಕಡೆ ಬಾಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ನಿಮ್ಮ ಮಗಳಾ? ಮಾಷಾ ಅಲ್ಲಾ. ಎಷ್ಟು ಚೊಕ್ಕ ಗುಡಿಸುತ್ತಾಳೆ. ನಮ್ಮ ಮನೆಯ ಕೆಲಸದವಳು ಇವಳಿಂದ ಕಲಿಯಬೇಕು."

ಅವರು ಹೇಳಿದ್ದು ಇಷ್ಟು. ಅಥವಾ ಇಷ್ಟು ಎಂದು ನಾನು ಉಳಿಸಿಕೊಂಡಿದ್ದೇನೆ. ಮುಖದಲ್ಲಿ ಪ್ರೀತಿಯೇ ಇತ್ತು, ಅದೂ ನೆನಪಿದೆ. ಆ ಪ್ರೀತಿಯೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು.

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅನಿ ತಲೆ ಎತ್ತಿ ನಕ್ಕಳು, ಅಪ್ಪ ಬಂದನೆಂದು. ನಾನು ಅವಳ ಕೈಯಿಂದ ಪೊರಕೆ ಕಿತ್ತುಕೊಂಡೆ. ಆಗ ಆದದ್ದನ್ನು ನಾನು ಎಂದೂ ಮರೆತಿಲ್ಲ: ಚಿನ್ನದ ಓಲೆಯ ಹುಡುಗಿ ಹಿಂದೆ ಕಟ್ಟಿದ್ದ ಕೈ ಬಿಡಿಸಿ, ಒಂದು ಹೆಜ್ಜೆ ಮುಂದೆ ಬಂದು, ನನ್ನತ್ತ ಕೈ ಚಾಚಿದಳು. ಕೊಡು ಎನ್ನುವಂತೆ. ಐವತ್ತು ವರ್ಷದ ಯಜಮಾನಿಯೂ ಅಷ್ಟು ಸಹಜವಾಗಿ ಕೈ ಚಾಚಲಾರಳು.

"ನನ್ನ ಮಗಳು ಇಲ್ಲಿಗೆ ಗುಡಿಸಲಿಕ್ಕೆ ಬಂದದ್ದಲ್ಲ" ಎಂದೆ. ಜೋರಾಗಿ ಹೇಳಿದೆನೋ ಇಲ್ಲವೋ ತಿಳಿಯದು. ಮಕ್ಕಳೆಲ್ಲ ಸ್ತಬ್ಧರಾದದ್ದು ನೋಡಿದರೆ ಜೋರಾಗಿಯೇ ಇರಬೇಕು.

ಹನಾನ್ ಟೀಚರು ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದರು. ಪಿಸುದನಿಯಲ್ಲಿ, "ಕೆಲಸದಲ್ಲಿರುವ ಮಗುವನ್ನು ತಡೆಯಬಾರದು" ಎಂದರು. ಕೆಲಸ. ಅವರು ಬಳಸಿದ ಮಾತು ಅದೇ. ಇಲ್ಲಿ ಎಲ್ಲವನ್ನೂ ಕೆಲಸ ಎನ್ನುತ್ತಾರೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಂದು ಓದಿರಲಿಲ್ಲ.

"ಆ ಹುಡುಗಿಗೆ ಯಾಕೆ ಕೆಲಸ ಇಲ್ಲ?" ಎಂದು ಕೇಳಿದೆ.

ಅವರು ಉತ್ತರಿಸಲು ಬಾಯಿ ತೆರೆದರೋ ಏನೋ. ಅಷ್ಟರಲ್ಲಿ ಅನಿ ಅಳಲು ಶುರು ಮಾಡಿದಳು. ಕಚೇರಿಯವರು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಮಗುವನ್ನು ಮನೆಗೆ ಒಯ್ಯಿರಿ, ವಾರ ಶುರುವಾಗುವ ಭಾನುವಾರ ಬಂದು ಮುಖ್ಯೋಪಾಧ್ಯಾಯಿನಿಯನ್ನು ಕಾಣಿರಿ ಎಂದರು. ಟ್ಯಾಕ್ಸಿಯಲ್ಲಿ ಅನಿ ದಾರಿಯುದ್ದಕ್ಕೂ ಹೇಳಿದ್ದು ಒಂದೇ: "ಇನ್ನೂ ಮುಗಿದಿರಲಿಲ್ಲ, ಡಾಡಾ. ಇನ್ನೂ ಮುಗಿದಿರಲಿಲ್ಲ."

ಲವೀನಾ ಎಲ್ಲವನ್ನೂ ಕೇಳಿದಳು. ಗೋಡೆಯಾಚೆಯ ಮನೆಯವರೂ ಕೇಳುತ್ತಿದ್ದರು.

"ಒಂದು ಸೀಟು" ಎಂದಳು. "ಒಂದೇ ಒಂದು ಸೀಟು ಇತ್ತು. ಅದನ್ನು ನಿನ್ನ ಸಿಟ್ಟು ಕೂರಲಿಕ್ಕೆ ಕೊಟ್ಟೆ."

"ಅಲ್ಲಿ ನೀನು ಇದ್ದಿದ್ದರೆ?"

"ನಾನಿದ್ದಿದ್ದರೆ ಮನೆಗೆ ಬಂದು ಅತ್ತು, ನಾಳೆ ಮತ್ತೆ ಅವಳಿಗೆ ಯೂನಿಫಾರ್ಮ್ ಹಾಕುತ್ತಿದ್ದೆ."

ಹಮೀದಾಕ ಸುದ್ದಿ ಕೇಳಿ ಅಂಗಡಿಯಿಂದಲೇ ಬಂದ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ.

"ಮಾಷ್ಟ್ರೇ, ನಿಮಗೆ ಸಿಟ್ಟು ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನನಗೆ ಇಲ್ಲಿ ಬಂದ ಸಿಟ್ಟನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ಗೋಡೌನು ಬೇಕಿತ್ತು. ಆದರೆ ತರಗತಿಯೊಳಗೆ ಹೋಗಿ ಪೊರಕೆ ಕಸಿಯುವುದಾ ಮಾರಾಯ್ರೆ? ಎಂತ ಸಾವು ಇದು."

ಭಾನುವಾರ ಅವನೇ ದುಭಾಷಿಯಾಗಿ ಬಂದ. ಮುಖ್ಯೋಪಾಧ್ಯಾಯಿನಿ ಅರಬಿಯಲ್ಲೇ ಮಾತಾಡಿದರು. ಹನಾನ್ ಟೀಚರು ತರಗತಿಯಲ್ಲಿದ್ದರು, ಕರೆಸಲಿಲ್ಲ.

"ಹಮೀದಾಕ, ಇವರನ್ನು ಒಂದೇ ಕೇಳು. ಆ ಹುಡುಗಿಯ ಕೈಯಲ್ಲಿ ಪೊರಕೆ ಯಾವತ್ತು ಕೊಡುತ್ತಾರೆ?"

ಹಮೀದಾಕ ನನ್ನ ಒಂದು ವಾಕ್ಯಕ್ಕೆ ಬದಲಾಗಿ ಉದ್ದಕ್ಕೆ ಏನೋ ಹೇಳಿದ. ನನಗೆ ಅರಬಿ ಬರುವುದು ಅಷ್ಟಕ್ಕಷ್ಟೆ, ಆದರೂ ನಾನು ದಣಿದಿದ್ದೇನೆ, ಕ್ಷಮೆ ಕೇಳುತ್ತಿದ್ದೇನೆ ಎಂಬಷ್ಟು ತಿಳಿಯಿತು. ಮುಖ್ಯೋಪಾಧ್ಯಾಯಿನಿಯ ಮುಖ ಸಡಿಲವಾಯಿತು.

"ನಾನು ಹೇಳಿದ್ದು ಅದಲ್ಲ" ಎಂದೆ.

"ಸುಮ್ಮನಿರಿ ಮಾಷ್ಟ್ರೇ, ಅವರು ಚಹಾ ತರಿಸುತ್ತಿದ್ದಾರೆ."

ಹಾಗೆ ನನ್ನ ಸಿಟ್ಟನ್ನು ಹಮೀದಾಕ ಕ್ಷಮೆಯಾಗಿ ತರ್ಜುಮೆ ಮಾಡಿ ನನ್ನ ಮಗಳಿಗೆ ಐದಾರು ವಾರ ದೊರಕಿಸಿದ. ಅನಿ ಶಾಲೆಗೆ ವಾಪಸು ಹೋದಳು. ನಾನು ಗುಡಿಸಿದೆಯಾ ಎಂದು ಕೇಳುವುದನ್ನು ಬಿಟ್ಟೆ. ಅವಳು ಹೇಳುವುದನ್ನೂ ಬಿಟ್ಟಳು. ಸಂಜೆ ನಾನು ಮನೆಗೆ ಬಂದಾಗ ಅವಳು ಪುಸ್ತಕ ಹಿಡಿದು ಓದುವವಳಂತೆ ಕೂರುತ್ತಿದ್ದಳು. ಓದಲು ಬರುತ್ತಿರಲಿಲ್ಲ.

ರಜೆಗೆ ಮೊದಲು ಉತ್ತರ ಬಂತು. ಸೀಟು ಇಲ್ಲ. ದೇಶದ ಮಕ್ಕಳ ಸಂಖ್ಯೆ ಜಾಸ್ತಿಯಾಗಿದೆ, ಮೊದಲು ಅವರಿಗೆ ಎಂದರು. ಖಲಾಸ್. ಲವೀನಾ ಪೊರಕೆಯೇ ಕಾರಣ ಎಂದಳು, ಇಂದಿಗೂ ಅನ್ನುತ್ತಾಳೆ. ನಾನು ಒಪ್ಪಲಿಲ್ಲ. ನನ್ನ ಆಫೀಸಿನ ಒಬ್ಬ ಈಜಿಪ್ಟಿನವನ ಮಗನಿಗೂ ಅದೇ ವಾರ ಅದೇ ಉತ್ತರ ಬಂದಿತ್ತು, ಅವನು ಯಾರ ಕೈಯಿಂದಲೂ ಏನನ್ನೂ ಕಿತ್ತಿರಲಿಲ್ಲ. ಆದರೆ ಎರಡು ಉದಾಹರಣೆಯಿಂದ ಏನನ್ನೂ ಸಾಧಿಸಲಾಗದು ಎಂದು ನಾನೇ ಇತರರಿಗೆ ಕಲಿಸುತ್ತೇನೆ.

ಜನವರಿಯಲ್ಲಿ ಲವೀನಾ ಕೆಲಸ ಬಿಟ್ಟಳು. ಅವತ್ತು ಧೂಳಿನ ಗಾಳಿ ಎದ್ದು ಊರೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ವಿಮಾನ ನಿಲ್ದಾಣದಲ್ಲಿ ಅವಳು ನನ್ನೊಡನೆ ಅನಿಯ ಔಷಧಿ, ಬ್ಯಾಂಕು, ತೆಂಗಿನೆಣ್ಣೆಯ ಬಾಟಲಿ ಇವುಗಳ ಬಗ್ಗೆ ಮಾತ್ರ ಮಾತಾಡಿದಳು. ಅನಿ ಸೂಟ್‌ಕೇಸಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಅವರನ್ನು ಒಳಗೆ ಕಳಿಸಿ ಬಂದು ನಾನು ಮಜ್ಲಿಸ್ ಕೋಣೆ ಖಾಲಿ ಮಾಡಿ ಬೆಡ್‌ಸ್ಪೇಸ್ ಹಿಡಿದೆ. ಪೂಜೆಯ ನಂತರ ಸಲಹೆ ಕೊಡುತ್ತಿದ್ದವರು ಬೆನ್ನು ತಟ್ಟಿದರು. ನಮ್ಮ ಸಂಸಾರ ಮತ್ತೆ ಒಂದೇ ಸೂರಿನಡಿ ಬರುವ ಹೊತ್ತಿಗೆ ಅನಿ ಹೈಸ್ಕೂಲು ಮುಗಿಸಿದ್ದಳು. ನನ್ನ ಮಗಳ ಹಾಲುಹಲ್ಲು ಬಿದ್ದದ್ದನ್ನು ನಾನು ಫೋನಿನಲ್ಲಿ ಕೇಳಿದವನು.

ಈಗ ಅವಳು ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ಆ ಶಾಲೆಯ ಬಗ್ಗೆ ಕೇಳಿದರೆ, "ಅಕ್ಕಿ ಸುರಿಯುತ್ತಿದ್ದೆ ಅಲ್ವಾ? ವಿಮಾನದಲ್ಲಿ ಸೇಬಿನ ಜ್ಯೂಸ್ ಕೊಟ್ಟಿದ್ದರು" ಎನ್ನುತ್ತಾಳೆ. ಪೊರಕೆ ನೆನಪಿಲ್ಲ. ನಾನು ಒಳಗೆ ನುಗ್ಗಿದ್ದು ನೆನಪಿಲ್ಲ. ಅವಳಿಗಾಗಿ ಬಂದ ಸಿಟ್ಟನ್ನು ಹೊತ್ತುಕೊಂಡು ತಿರುಗಿದವನು ನಾನೊಬ್ಬನೇ.

ಕಳೆದ ಚಳಿಗಾಲದ ಮದುವೆ ಹಮೀದಾಕನ ಕಿರಿಯ ಮಗನದು. ಅವನ ದೊಡ್ಡ ಸೊಸೆ ಸಫಿಯಾ, ದೋಹಾದಲ್ಲೇ ಬೆಳೆದವಳು, ಅಲ್ಲಿನ ಒಂದು ಮಾಂಟೆಸರಿ ತರಗತಿಯಲ್ಲಿ ಟೀಚರು. ಊಟಕ್ಕೆ ಕೂತಾಗ ಹಮೀದಾಕ ಎಲ್ಲರ ಮುಂದೆ ಪೊರಕೆಯ ಕಥೆ ತೆಗೆದ. ಅವನಿಗೆ ಅದು ತಮಾಷೆ. ಎಲ್ಲರೂ ನಕ್ಕರು, ಸಫಿಯಾ ನಗಲಿಲ್ಲ.

"ಅಂಕಲ್, ಆ ಹುಡುಗಿ ಕೈ ಹೇಗೆ ಇಟ್ಟಿದ್ದು?" ಎಂದು ಕೇಳಿದಳು.

ನಾನು ತೋರಿಸಿದೆ.

"ನಾಳೆ ಮಕ್ಕಳು ಹೋದ ಮೇಲೆ ನನ್ನ ಕ್ಲಾಸಿಗೆ ಬನ್ನಿ."

ಹೋದೆ. ವಾಸನೆ ಬಡಿದದ್ದು ಆಗಲೇ. ಮಗುವಿನ ಭುಜದೆತ್ತರಕ್ಕೆ ಒಂದು ಮೊಳೆ, ಮೊಳೆಗೆ ಒಂದು ಚಿಕ್ಕ ಪೊರಕೆ. ಪಕ್ಕದಲ್ಲಿ ಒಂದು ಚಿಕ್ಕ ಮೊರ, ಒಂದು ಸ್ಪಂಜು, ಒಂದು ಹೂ ಕತ್ತರಿ.

"ಎಲ್ಲಾ ಒಂದೊಂದೇ, ಅಂಕಲ್. ಬೇಕು ಅಂತಲೇ ಒಂದು. ಒಬ್ಬರು ಮಾಡ್ತಾ ಇದ್ದರೆ ಬೇರೆಯವರು ಕೇಳಬಾರದು, ಮುಟ್ಟಬಾರದು." ಅವಳು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಇಲ್ಲದ ಮಗುವನ್ನು ನೋಡುತ್ತಾ ನಿಂತಳು. "ಹೀಗೆ ನಿಲ್ಲಬೇಕು. ಇದು ಬರಲಿಕ್ಕೆ ಕೆಲವರಿಗೆ ತಿಂಗಳು ಬೇಕು."

ಮೊದಲು ನಿಂತೆ, ಆಮೇಲೆ ಗುಡಿಸಿದೆ.

ಸಿಟ್ಟು ಹೋಯಿತು ಎಂದು ಯಾರಾದರೂ ಅಂದುಕೊಂಡರೆ ಅದು ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಐದು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಕಲಿಸಿದ ಈ ಒಂದು ವಿಷಯವನ್ನು, ಗಾಜಿನ ಹಿಂದೆ ಕೂರಿಸಿದ ಅಪ್ಪನಿಗೆ ಎರಡು ವಾಕ್ಯದಲ್ಲಿ ಹೇಳಬೇಕೆಂದು ಅಷ್ಟು ದೊಡ್ಡ ಶಾಲೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬಾಯಿ ಮುಚ್ಚಿ ನೋಡಿ ಎಂದರು. ನೋಡಿದ್ದು ಏನೆಂದು ಯಾರು ಹೇಳಬೇಕಿತ್ತು? ಬೀದಿಯುದ್ದಕ್ಕೂ ಒಂದೇ ಚಿತ್ರ ತೋರಿಸುವ ಊರಿನಲ್ಲಿ ಕೈ ಕಟ್ಟಿ ನಿಂತವರ ಅರ್ಥ ನನಗೆ ಮೊದಲೇ ಗೊತ್ತಿತ್ತು. ಕೆಲಸದವಳ ಮಾತು ಆಡಿದ ಆ ತಾಯಿಗೂ ಗೊತ್ತಿತ್ತು. ಆ ಮಾತಿಗೆ ಮಾಂಟೆಸರಿಯಲ್ಲಿ ವಿವರಣೆ ಇಲ್ಲ. ಎರಡು ಚಹಾ ಕೇಳಿದವನಿಗೂ ಇಲ್ಲ.

ಅದಲ್ಲದೆ ಸಫಿಯಾ ತೋರಿಸಿದ್ದು ಅವಳ ಶಾಲೆಯ, ಈಗಿನ ಪದ್ಧತಿ. ಆಗಿನ ಆ ಕೋಣೆಯಲ್ಲೂ ಹಾಗೇ ಇತ್ತು ಎಂದು ಒಪ್ಪಲು ನನಗೆ ಆಧಾರ ಬೇಕಿತ್ತು. ವಿಚಾರಿಸಿದಾಗ ಸಫಿಯಾಳಿಗೆ ತರಬೇತಿ ಕೊಟ್ಟವರೇ ಹನಾನ್ ಟೀಚರು ಎಂದು ಗೊತ್ತಾಯಿತು. ಈಗ ಅಮ್ಮಾನ್‌ನಲ್ಲಿ, ನಿವೃತ್ತರು. ಸಫಿಯಾ ಫೋನು ಹಚ್ಚಿ ಕೊಟ್ಟಳು.

ಅವರಿಗೆ ನಾನು ನೆನಪಿರಲಿಲ್ಲ. ಅನಿಯೂ ನೆನಪಿರಲಿಲ್ಲ. ತರಗತಿಗೆ ನುಗ್ಗಿದ ತಂದೆಯರು ಒಬ್ಬಿಬ್ಬರಲ್ಲ ಎಂದು ನಕ್ಕರು, ಅದೇ ನಗು. ಸೀಟು ಯಾಕೆ ಹೋಯಿತೆಂದು ಅವರಿಗೆ ಗೊತ್ತಿಲ್ಲ. ಹಿಡಿಯ ಬಣ್ಣ ಗೊತ್ತಿಲ್ಲ. ನಾನು ಕೊನೆಗೆ ಒಂದೇ ಪ್ರಶ್ನೆ ಕೇಳಿದೆ, ಅವರು ಯೋಚಿಸದೆ ಉತ್ತರಿಸಿದರು. ಹಳೆಯ ಸಹಾಯಕಿಯೊಬ್ಬರ ಹೆಸರನ್ನೂ ಕೊಟ್ಟರು. ಅವರನ್ನೂ ಬೇರೆಯಾಗಿ ಕೇಳಿದೆ, ಅದೇ ಉತ್ತರ ಬಂತು. ಹಾಗಾಗಿ ಆ ಇಡೀ ವರ್ಷದಲ್ಲಿ ಇದೊಂದನ್ನು ಮಾತ್ರ ನಾನು ಅನುಮಾನವಿಲ್ಲದೆ ಬರೆಯಬಲ್ಲೆ: ಆ ತರಗತಿಯಲ್ಲಿ ಇದ್ದದ್ದು ಒಂದೇ ಪೊರಕೆ, ಅದು ಬೇಕಾದವರು ಕೈ ಹಿಂದೆ ಕಟ್ಟಿ ನಿಂತು ಕಾಯಬೇಕಿತ್ತು.